ಪೌಚ್ ಸೆಲ್‌ಗೆ 300 ಕಿಲೋ ಒತ್ತಡ ಹಾಕಬೇಡಿ: ಸ್ಪಷ್ಟನೆ

ಮನೆಯಲ್ಲೇ ಬ್ಯಾಟರಿ ಪ್ಯಾಕ್ ಕಟ್ಟುವವರ ನಡುವೆ ಒಂದು ಮೆಸೇಜ್ ಓಡಾಡುತ್ತಿದೆ. ಲಿಥಿಯಂ ಸೆಲ್ ಯಾವುದೇ ಇರಲಿ, 300 ಕಿಲೋ ಒತ್ತಡದಲ್ಲಿ ಬಿಗಿ ಮಾಡಿ, ಊದಿದ ಪೌಚ್ (ಮೆತ್ತನೆಯ ಹಾಳೆಯ ಚೀಲದಲ್ಲಿ ಬರುವ ಸೆಲ್) ಕೂಡ ಸರಿಹೋಗುತ್ತದೆ ಅಂತ. ಎರಡೂ ತಪ್ಪು.

ಆ 300 ಕಿಲೋ ಇರುವುದು 280 ಆಂಪಿಯರ್-ಅವರ್‌ನ ದೊಡ್ಡ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಪ್ರಿಸ್ಮ್ಯಾಟಿಕ್ ಸೆಲ್‌ಗಳ, ಅಂದರೆ ಗಟ್ಟಿ ಕವಚದ ಪೆಟ್ಟಿಗೆಯಾಕಾರದ ಸೆಲ್‌ಗಳ, ಡೇಟಾಶೀಟ್‌ನಲ್ಲಿ (ತಯಾರಕರು ಕೊಡುವ ವಿವರಪಟ್ಟಿ). ಅದರ ಅಗಲದ ಮೈ ಸುಮಾರು 17 × 20 ಸೆಂಟಿಮೀಟರ್, ಅಂದರೆ ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋ ಕೂಡ ಬೀಳುವುದಿಲ್ಲ. ಅದೇ ಭಾರವನ್ನು 5 × 10 ಸೆಂಟಿಮೀಟರ್ ಪೌಚ್ ಮೇಲೆ ಹಾಕಿದರೆ ಚದರ ಸೆಂಟಿಮೀಟರಿಗೆ 6 ಕಿಲೋ ಆಗುತ್ತದೆ! ಅಷ್ಟು ಒತ್ತಿದರೆ ಒಳಗಿನ ಸೆಪರೇಟರ್‌ನ (ಪ್ಲಸ್, ಮೈನಸ್ ಎಲೆಕ್ಟ್ರೋಡ್ ಪದರಗಳು ಒಂದಕ್ಕೊಂದು ತಾಗದಂತೆ ತಡೆಯುವ ತೆಳು ಹಾಳೆ) ಸಣ್ಣ ತೂತುಗಳು ಮುಚ್ಚಿಕೊಳ್ಳಬಹುದು, ಲಿಥಿಯಂ ಲೋಹವಾಗಿ ಕೂರಬಹುದು, ಕೊನೆಗೆ ಶಾರ್ಟ್ ಆಗಬಹುದು.

ಹಾಗಂತ ಸುಮ್ನೆ ಸಡಿಲ ಬಿಡುವುದೂ ಸರಿಯಲ್ಲ. ಪೌಚ್‌ಗೆ ಗಟ್ಟಿ ಕವಚ ಇಲ್ಲ ಅಲ್ವಾ, ಚಾರ್ಜ್ ಆದಾಗ ಸ್ವಲ್ಪ ದಪ್ಪವಾಗಿ ಆಮೇಲೆ ಇಳಿಯುತ್ತದೆ, ಆದ್ದರಿಂದ ಎರಡೂ ಬದಿಗೆ ಬಾಗದ ಪ್ಲೇಟ್, ಸೆಲ್‌ಗಳ ನಡುವೆ ಫೋಮ್ ಹಾಳೆ, ಇಡೀ ಮೈಗೆ ಸಮನಾದ ಹಗುರ ಒತ್ತಡ ಬೇಕು. ಎಷ್ಟು ಅಂತ ನಿಮ್ಮದೇ ಸೆಲ್‌ನ ಡೇಟಾಶೀಟ್ ಹೇಳಬೇಕು. ಅಂಚು, ಮೂಲೆ, ಟ್ಯಾಬ್ (ಕರೆಂಟ್ ಹೊರಗೆ ತರುವ ಲೋಹದ ಪಟ್ಟಿ) ಮೇಲೆ ಒತ್ತಡ ಬೀಳಲೇಬಾರದು. 2016ರ ಗ್ಯಾಲಕ್ಸಿ ನೋಟ್ 7 ಫೋನ್‌ಗಳ ಒಂದು ಬಗೆಯ ಬ್ಯಾಟರಿಯಲ್ಲಿ ಮೂಲೆಯ ಎಲೆಕ್ಟ್ರೋಡ್ ಬಾಗಿದ್ದೇ ತೊಂದರೆಯಾಗಿತ್ತು.

ಊದಿದ ಸೆಲ್ ಒಳಗೆ ಇರುವುದು ಎಲೆಕ್ಟ್ರೋಲೈಟ್ (ಸೆಲ್ ಒಳಗಿನ ದ್ರವ) ಕೆಟ್ಟು ಹುಟ್ಟಿದ ಗ್ಯಾಸ್. ಒತ್ತಿದರೆ ಸೆಲ್ ಮತ್ತೆ ಒಳ್ಳೆಯದಾಗುವುದಿಲ್ಲ. ಚುಚ್ಚಲೇಬೇಡಿ. ಬಳಸುವುದು ನಿಲ್ಲಿಸಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಜನರಿಗೆ ಇದನ್ನೂ ತಲುಪಿಸಿ.