ಫಾರ್ಟಿ ನೈಟ್ ಟೈಮಿದೆ!

ಆರಿದ್ರಾ ಮಳೆ ಹುಟ್ಟಿದ ದಿನವೇ ಶಿವಮೊಗ್ಗದ ಒಂದು ಆಫೀಸಿನಿಂದ ಪತ್ರ ಬಂತು. ‘ಫೋರ್ಟ್‌ನೈಟ್’ ಒಳಗೆ ಮೂಲ ದಾಖಲೆ ತರಬೇಕಂತೆ. ನಾನು ಆಗಷ್ಟೇ ಡಿಗ್ರಿ ಮುಗಿಸಿದ್ದೆ. ಕೇರಿಗೆಲ್ಲ ಇಂಗ್ಲಿಷ್ ಪತ್ರ ಓದಿ ಹೇಳುವವನು ನಾನೇ. “ಫಾರ್ಟಿ ನೈಟು. ನಲವತ್ತು ರಾತ್ರಿ ಟೈಮಿದೆ” ಅಂದೆ.

ಅಪ್ಪನಿಗೆ ಅನುಮಾನವೇ ಬರಲಿಲ್ಲ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವುದೂ ಹೆಚ್ಚುಕಡಿಮೆ 40 ದಿನಕ್ಕೊಮ್ಮೆ ತಾನೆ? “ಎರಡನೇ ಔಷಧಿ ಮುಗಿಸ್ಕೊಂಡೇ ಹೋದರಾಯ್ತು” ಅಂತ ಮೈಲುತುತ್ತ ತರಲು ಹೊರಟರು.

36ನೇ ದಿನ ತೀರ್ಥಹಳ್ಳಿಯಲ್ಲಿ ಬಸ್ ಹತ್ತಿದೆ. ನಾಲ್ಕು ದಿನ ಮೊದಲೇ ಹೊರಟ ಹೆಮ್ಮೆ ಬೇರೆ! ಗುಮಾಸ್ತರು ಪತ್ರ ನೋಡಿದರು, ಗೋಡೆಯ ಕ್ಯಾಲೆಂಡರ್ ನೋಡಿದರು, ಆಮೇಲೆ ನನ್ನನ್ನು. “ಹದಿನಾಲ್ಕು ರಾತ್ರಿ ಮಾರಾಯ. ಹೊಸ ಅರ್ಜಿ ಹಾಕು.”

ಹಳೇ ಇಂಗ್ಲಿಷಿನಲ್ಲಿ ‘ಹದಿನಾಲ್ಕು ರಾತ್ರಿ’ ಅಂತಿದ್ದದ್ದು ಸವೆದು ಸವೆದು ಫೋರ್ಟ್‌ನೈಟ್ ಆಗಿದೆಯಂತೆ. ಫೋರ್ಟೀನಿನ ಬಾಲ ಕತ್ತರಿಸಿದವರನ್ನು ಮಂಡಗದ್ದೆವರೆಗೂ ಬೈದುಕೊಂಡೆ. ಅಲ್ಲಿ ತುಂಗೆಯ ಮರಗಳ ತುಂಬಾ ಬೆಳ್ಳಕ್ಕಿ. ಅವಕ್ಕೆ ಯಾರೂ ಇಂಗ್ಲಿಷಿನಲ್ಲಿ ಪತ್ರ ಹಾಕಿರಲಿಲ್ಲ, ಸರಿಯಾದ ಟೈಮಿಗೆ ಬಂದಿದ್ದವು.

ಹಾಗಂತ ನಮ್ಮ ಲೆಕ್ಕವೇನು ನೆಟ್ಟಗಿದೆಯಾ? ವಾರಕ್ಕೆ 7 ದಿನ, ಆದರೆ “ಎಂಟು ದಿನ ಬಿಟ್ಟು ಬಾ” ಅಂತೀವಿ. ಎರಡು ವಾರಕ್ಕೆ 16 ಆಗಬೇಕಿತ್ತು, ಸುಮ್ನೆ ಒಂದು ಬಿಟ್ಟುಕೊಟ್ಟು ಹದಿನೈದು ಅಂತೀವಿ. ಪಕ್ಷಕ್ಕೂ 15 ತಿಥಿ. ಹದಿನಾಲ್ಕಕ್ಕೆ ನಮ್ಮಲ್ಲಿ ಹೆಸರೇ ಇಲ್ಲ ಅಂದುಕೊಂಡು ಮನೆ ಸೇರಿದೆ.

ಅಜ್ಜಿ ಜಗಲಿಯಲ್ಲಿ ಹಲಸಿನ ಬೀಜ ಜಜ್ಜಿ ಸಿಪ್ಪೆ ಬಿಡಿಸುತ್ತಿದ್ದಳು. ಕಥೆ ಕೇಳಿ ಕಲ್ಲು ಕೆಳಗಿಟ್ಟಳು. “ಹದಿನಾಲ್ಕು ದಿನ ಅಂದ್ರೆ ಒಂದು ಮಳೆ ಅಲ್ವನಾ? ಆರಿದ್ರಾ ಹೋಯ್ತು, ಪುನರ್ವಸು ಹೋಯ್ತು, ಪುಷ್ಯ ಅರ್ಧ ಸುರಿದಾಯ್ತು. ಈಗ ಹೋಗಿದ್ದೀಯಲ್ಲ!”

ಹೌದಲ್ಲ. ವರ್ಷದ 365 ದಿನವನ್ನು 27 ನಕ್ಷತ್ರಕ್ಕೆ ಹಂಚಿದರೆ ಒಂದೊಂದು ಮಳೆಗೆ 13–14 ದಿನ. ಶಾಲೆ ಮೆಟ್ಟಿಲು ಹತ್ತದ ಅಜ್ಜಿಗೆ ಫೋರ್ಟ್‌ನೈಟ್ ಬಾಯಿಪಾಠ. ನನ್ನದು ಡಿಗ್ರಿ.

ರಾತ್ರಿ ಹೊಸ ಅರ್ಜಿ ಬರೆಯಲು ಕೂತೆ. “ಈ ಸಲ ಎಷ್ಟು ದಿನ ಕೊಟ್ಟಿದ್ದಾರೆ?” ಅಂತ ಅಪ್ಪ ಕೇಳಿದರು.

“ಆಶ್ಲೇಷ ಮುಗಿಯೋದ್ರೊಳಗೆ” ಅಂದೆ.