ಕೊಡುವವರು ಜೊತೆಯಾಗಿ ಕುಳಿತ ಮೊದಲ ವರ್ಷ

ಬೆಂಗಳೂರಿನ ಕೆಲವು ದತ್ತಿ ಸಂಸ್ಥೆಗಳು, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗಗಳು, ಒಂದೆರಡು ಕುಟುಂಬ ಪ್ರತಿಷ್ಠಾನಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡು ವರ್ಷವಾಯಿತು. ಮೊನ್ನೆ ಜಯನಗರದಲ್ಲಿ ಅದರ ವಾರ್ಷಿಕ ಸಭೆ ಇತ್ತು. ದೇಣಿಗೆ ಪಡೆಯುವ ಕಡೆಯಿಂದ ನಮ್ಮಂಥ ಕೆಲವರನ್ನೂ ಕರೆದಿದ್ದರು. ಸದಸ್ಯರು ಎಷ್ಟಾದರು, ಎಷ್ಟು ಕಾರ್ಯಾಗಾರಗಳು ನಡೆದವು, ಯಾರು ಬಂದು ಮಾತನಾಡಿದರು ಎಂಬುದನ್ನೆಲ್ಲ ವಿವರವಾಗಿ ಓದಿದರು. ನನ್ನ ಪ್ರಕಾರ ಇಡೀ ವರ್ಷದ ಅತಿ ದೊಡ್ಡ ಕೆಲಸ ಆ ವರದಿಯಲ್ಲಿ ಎರಡೇ ಸಾಲಿನಲ್ಲಿ ಮುಗಿದುಹೋಯಿತು. ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ಆ ಕೆಲಸವೆಂದರೆ, ನಮ್ಮ ಕಾಗದಪತ್ರಗಳನ್ನು ಒಬ್ಬರು ಪರಿಶೀಲಿಸಿದರೆ ಉಳಿದ ಸದಸ್ಯರೆಲ್ಲ ಅದನ್ನು ಒಪ್ಪಿಕೊಳ್ಳುವುದು. ಹೊರಗಿನವರಿಗೆ ಇದು ಸಣ್ಣ ಸಂಗತಿ ಎನಿಸಬಹುದು. ಟ್ರಸ್ಟ್ ಡೀಡ್, ಪ್ಯಾನ್, ತೆರಿಗೆ ವಿನಾಯಿತಿಯ 12ಎ, 80ಜಿ ಪತ್ರಗಳು, ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ, ಸರ್ಕಾರದ ದರ್ಪಣ್ ಪೋರ್ಟಲ್‌ನ ಸಂಖ್ಯೆ, ಮೂರು ವರ್ಷದ ಆಡಿಟ್ ವರದಿ, ಟ್ರಸ್ಟಿಗಳ ಗುರುತಿನ ಚೀಟಿ: ಇವಿಷ್ಟನ್ನೂ ಪ್ರತಿ ದಾನಿಯ ಪೋರ್ಟಲ್‌ಗೆ ಬೇರೆ ಬೇರೆ ಗಾತ್ರದಲ್ಲಿ, ಬೇರೆ ಬೇರೆ ಹೆಸರಿನಲ್ಲಿ ಏರಿಸುತ್ತಿದ್ದವರಿಗೆ ಗೊತ್ತು ಇದರ ಬೆಲೆ. ನಮ್ಮದು ಯಾದಗಿರಿ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಗ್ರಂಥಾಲಯ ನಡೆಸುವ ಪುಟ್ಟ ಟ್ರಸ್ಟ್. ಲೆಕ್ಕ ನೋಡಿಕೊಳ್ಳುವ ನಮ್ಮ ಸಹೋದ್ಯೋಗಿಗೆ ಈ ವರ್ಷ ಬಿಡುವು ಸಿಕ್ಕಿತು. ತಾನು ಲೆಕ್ಕ ಬರೆಯುವ ಗ್ರಂಥಾಲಯಗಳನ್ನು ಆಕೆ ಮೊದಲ ಬಾರಿಗೆ ಕಣ್ಣಾರೆ ನೋಡಿ ಬಂದಳು. ಬಂದ ಮೇಲೆ ಬಜೆಟ್‌ನಲ್ಲಿ ಪುಸ್ತಕಗಳ ರಿಪೇರಿಗೆ ಹಣ ಇಡಲೇಬೇಕೆಂದು ಪಟ್ಟು ಹಿಡಿದಳು. ಅದು ಸರಿ ಕೂಡ. ಮಕ್ಕಳು ನಿಜವಾಗಿ ಓದಿದ ಪುಸ್ತಕ ವರ್ಷದಲ್ಲಿ ಹರಿದೇ ಹರಿಯುತ್ತದೆ.

ಕೊಡುವವರು ಪ್ರಾದೇಶಿಕವಾಗಿ ಒಂದಾಗುವುದು ಅಮೆರಿಕದಲ್ಲಿ ಹಳೆಯ ಮಾತು. ನ್ಯೂಯಾರ್ಕ್ ಪ್ರದೇಶದ ದಾನಿ ಸಂಸ್ಥೆಗಳ ಒಕ್ಕೂಟ ಶುರುವಾಗಿದ್ದು 1979ರಲ್ಲಿ. ಕೋವಿಡ್ ಬಂದಾಗ, 2020ರ ಮಾರ್ಚ್‌ನಲ್ಲಿ, ಅಲ್ಲಿನ ದತ್ತಿ ಸಂಸ್ಥೆಗಳು ಅನುದಾನದ ಷರತ್ತುಗಳನ್ನು ಸಡಿಲಿಸುತ್ತೇವೆ, ವರದಿಗಳ ಹೊರೆ ಇಳಿಸುತ್ತೇವೆ ಎಂದು ಒಂದೇ ಪ್ರತಿಜ್ಞೆಗೆ ಸಹಿ ಹಾಕಿದವು. ಸಹಿ ಹಾಕಿದವು ಏಳುನೂರಕ್ಕೂ ಹೆಚ್ಚು. ಒಟ್ಟಿಗೆ ಕೂತು ಅಭ್ಯಾಸವಿದ್ದುದರಿಂದ ಅಷ್ಟು ಬೇಗ ಆಯಿತೆಂದು ನನ್ನ ನಂಬಿಕೆ. ನಮ್ಮಲ್ಲಿ ಅಭ್ಯಾಸ ಈಗ ಆರಂಭವಾಗಿದೆ.

ವರದಿಗಳ ವಿಷಯದಲ್ಲಿ ಮಾತ್ರ ಈ ವರ್ಷ ಏನೂ ಆಗಲಿಲ್ಲ. ಶಹಾಪುರ ತಾಲ್ಲೂಕಿನ ಒಂದು ಶಾಲೆಯ ಕಪಾಟಿನ ಕಥೆ ಹೇಳುತ್ತೇನೆ. ಕಪಾಟು ಕೊಡಿಸಿದವರು ಒಬ್ಬರು, ಪುಸ್ತಕ ಕೊಡಿಸಿದವರು ಇನ್ನೊಬ್ಬರು, ಗ್ರಂಥಾಲಯ ನೋಡಿಕೊಳ್ಳುವ ಹುಡುಗಿಗೆ ಗೌರವಧನ ಕೊಡುವವರು ಮತ್ತೊಬ್ಬರು. ಮಾರ್ಚ್ ಕೊನೆಯ ವಾರ, ಪರೀಕ್ಷೆಗಳ ನಡುವೆ, ಮೂವರಿಗೂ ಸ್ಥಳದ ಗುರುತಿರುವ ಫೋಟೊ ಬೇಕಾಯಿತು. ಆ ಹುಡುಗಿ ಅದೇ ಕಪಾಟಿನ ಮುಂದೆ ಅದೇ ಮಕ್ಕಳನ್ನು ಮೂರು ಬಾರಿ ನಿಲ್ಲಿಸಿದಳು, ಪ್ರತಿ ಬಾರಿಯೂ ಬ್ಯಾನರ್ ಬದಲಿಸಿದಳು. ಒಬ್ಬ ದಾನಿಗೆ 6ರಿಂದ 14 ವರ್ಷದವರ ಲೆಕ್ಕ ಬೇಕು, ಇನ್ನೊಬ್ಬರಿಗೆ ತರಗತಿವಾರು, ಮೂರನೆಯವರಿಗೆ ಜನವರಿಯಿಂದ ಡಿಸೆಂಬರ್‌ವರೆಗಿನ ಅಂಕಿ. ಆ ವಾರ ಪುಸ್ತಕ ಎರವಲು ಕೊಡುವುದು ನಿಂತೇ ಹೋಯಿತು. ಮೂವರೂ ಒಳ್ಳೆಯ ಮನಸ್ಸಿನವರೇ. ಒಬ್ಬರು ಕೇಳಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ಅಷ್ಟೇ. ಗೊತ್ತಾಗಲಿ ಎಂದೇ ಅಲ್ಲವೇ ಒಕ್ಕೂಟ?

ವರದಿ ಕಡಿಮೆಯಾದರೆ ಹಣ ಪೋಲಾಗುತ್ತದೆ ಎಂಬ ಆತಂಕವನ್ನು ಸಭೆಯಲ್ಲಿ ಒಬ್ಬರು ಮುಂದಿಟ್ಟರು. ಆತಂಕ ಸುಳ್ಳಲ್ಲ, ಹಾಳಾದ ಉದಾಹರಣೆಗಳಿವೆ. ಆದರೆ ಹಣ ಎಲ್ಲಿ ಸೋರುತ್ತದೆ ಎಂಬುದು ಬ್ಯಾನರ್‌ನ ಫೋಟೊದಲ್ಲಿ ಕಾಣುವುದಿಲ್ಲ. ಒಂದೇ ವರದಿಯನ್ನು ಮೂವರೂ ಗಮನವಿಟ್ಟು ಓದಿ, ವರ್ಷಕ್ಕೊಮ್ಮೆ ಶಾಲೆಗೆ ಬಂದು ಒಂದು ಗಂಟೆ ಕೂತರೆ ಕಂಡೇ ಕಾಣುತ್ತದೆ.

ಮಾರ್ಚ್‌ನ ಈ ಅವಸರಕ್ಕೆ ಕಾನೂನನ್ನು ದೂರುವವರಿದ್ದಾರೆ. ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಿಎಸ್‌ಆರ್‌ಗೆ ಖರ್ಚು ಮಾಡಲೇಬೇಕು ಎಂಬುದು ನಿಜ. ಆದರೆ 2021ರ ಜನವರಿಯ ತಿದ್ದುಪಡಿಯಲ್ಲೇ ದಾರಿಯೂ ಇದೆ: ಯೋಜನೆಯನ್ನು ಬಹುವರ್ಷದ್ದೆಂದು ಮೊದಲೇ ಘೋಷಿಸಿದರೆ, ಖರ್ಚಾಗದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಮುಂದಿನ ಮೂರು ವರ್ಷಗಳಲ್ಲಿ ಬಳಸಬಹುದು. ಶೇ 5ರ ಆಡಳಿತ ವೆಚ್ಚದ ಮಿತಿಯೂ ಹಾಗೆಯೇ. ಅದು ಕಂಪನಿ ತನ್ನ ಸಿಎಸ್‌ಆರ್ ಆಡಳಿತಕ್ಕೆ ಮಾಡುವ ಖರ್ಚಿಗೆ ಹಾಕಿದ ಮಿತಿ. ಕಂಪನಿ ವ್ಯವಹಾರಗಳ ಸಚಿವಾಲಯ 2021ರ ಆಗಸ್ಟ್‌ನಲ್ಲಿ ಇದನ್ನು ಬಿಡಿಸಿ ಹೇಳಿದೆ. ಆದರೂ ಆ ಶೇ 5ನ್ನು ತಂದು ನಮ್ಮ ಮೇಲೆ ಹೇರುತ್ತಾರೆ. ನಮ್ಮ ಕಚೇರಿಯ ಬಾಡಿಗೆ, ಲೆಕ್ಕಿಗರ ಸಂಬಳ, ಪ್ರಯಾಣ ಎಲ್ಲವೂ ಅಷ್ಟರೊಳಗೇ ಆಗಬೇಕಂತೆ. ಇದು ತಪ್ಪು ಓದು, ಇದನ್ನು ತಿದ್ದುವ ಕೆಲಸ ಒಕ್ಕೂಟದಿಂದ ಮಾತ್ರ ಸಾಧ್ಯ. ಒಂದು ಸಣ್ಣ ಟ್ರಸ್ಟ್ ದಾನಿಯ ಎದುರು ಕೂತು ಕಾನೂನು ಹೇಳಲು ಎಷ್ಟು ಧೈರ್ಯ ಬೇಕೆಂದು ಆ ಕಡೆ ಕೂತವರಿಗೆ ತಿಳಿಯುವುದಿಲ್ಲ.

ನಡೆಸುವುದಕ್ಕೂ ಹಣ ಬೇಕೆಂಬುದು ನಮ್ಮ ಹಿಂದಿನವರಿಗೆ ತಿಳಿದಿತ್ತು. ಕನ್ನಡದ ದತ್ತಿ ಶಾಸನಗಳನ್ನು ನೋಡಿ. ಗುಡಿ ಕಟ್ಟಿಸಿ ಕೈತೊಳೆದುಕೊಂಡವರಲ್ಲ ಅವರು. ದೀಪದ ಎಣ್ಣೆಗೆ, ನೈವೇದ್ಯಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಅಂದರೆ ಒಡೆದು ಬಿರಿದದ್ದರ ರಿಪೇರಿಗೆ, ಎಂದು ಭೂಮಿ ಬಿಟ್ಟರು. ಕೆರೆ ಕಟ್ಟಿಸಿದವರು ಅದನ್ನು ನೋಡಿಕೊಳ್ಳುವವರಿಗೆ ಕೆರೆಗೊಡಗೆ ಎಂಬ ದತ್ತಿ ಭೂಮಿ ಕೊಟ್ಟರು. ಮೆಜೆಸ್ಟಿಕ್‌ನಲ್ಲಿ ರೈಲು ಇಳಿದವರಿಗೆ ಗುಬ್ಬಿ ತೋಟದಪ್ಪನವರ ಛತ್ರ ಇವತ್ತಿಗೂ ಇದೆ, ಶತಮಾನ ದಾಟಿಯೂ ನಡೆಯುತ್ತಿದೆ. ಕಟ್ಟಿದ್ದನ್ನು ನಡೆಸುವ ಖರ್ಚೂ ದಾನದ ಭಾಗವೇ ಎಂದು ಆ ತಲೆಮಾರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನನಗೆ ಇನ್ನೂ ದೊಡ್ಡ ಕೊರತೆ ಎನಿಸುವುದು ಹಣ ಹೋಗುವ ದಿಕ್ಕಿನದು. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿತು. ಅರ್ಧಕ್ಕಿಂತ ಹೆಚ್ಚಿನವು ಕಲಬುರಗಿ ವಿಭಾಗದವು. ಬೆಂಗಳೂರಿನ ದಾನಿಗಳಿಗೆ ಹೊಸೂರು ರಸ್ತೆಯ, ವೈಟ್‌ಫೀಲ್ಡ್‌ನ ಶಾಲೆಗಳು ಕಣ್ಣಿಗೆ ಬೀಳುತ್ತವೆ. ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಎಂದು ಕಾಯ್ದೆಯೂ ಹೇಳುತ್ತದೆ, ಆದರೆ ಅಲ್ಲಿಗೇ ಸೀಮಿತವಾಗಿರಿ ಎಂದು ಹೇಳುವುದಿಲ್ಲ. ದೂರ ಹೋಗಿ ನೆಲೆಯೂರಿದವರೂ ಇದ್ದಾರೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಯಾದಗಿರಿಯ ಸರ್ಕಾರಿ ಶಾಲೆಗಳ ಶಿಕ್ಷಕರೊಂದಿಗೆ ವರ್ಷಗಟ್ಟಲೆ ಕೆಲಸ ಮಾಡುತ್ತಿದೆ. ಉಳಿದವರಿಗೂ ಇದು ಆಗದ ಕೆಲಸವಲ್ಲ.

ಆದರೆ ಸುರಪುರದಲ್ಲೋ ದೇವದುರ್ಗದಲ್ಲೋ ಇರುವ ಒಂದು ಮಹಿಳಾ ಸಂಘ ಬೆಂಗಳೂರಿನ ದಾನಿಗೆ ಅರ್ಜಿ ಹಾಕುವುದು ಹೇಗೆ? ಅರ್ಜಿ ಇಂಗ್ಲಿಷಿನಲ್ಲಿ, ಪೋರ್ಟಲ್ ಇಂಗ್ಲಿಷಿನಲ್ಲಿ, ಸಂದರ್ಶನವೂ ಇಂಗ್ಲಿಷಿನಲ್ಲಿ. ಹಿಂದೆ ದೊಡ್ಡ ಸಂಸ್ಥೆಗಳು ವಿದೇಶಿ ದೇಣಿಗೆ ಪಡೆದು ಒಂದು ಪಾಲನ್ನು ಇಂಥ ಸಂಘಗಳಿಗೆ ದಾಟಿಸುತ್ತಿದ್ದವು. ವಿದೇಶಿ ದೇಣಿಗೆ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ಆದ ತಿದ್ದುಪಡಿ ಆ ದಾರಿಯನ್ನು ಮುಚ್ಚಿತು. ಈಗ ಅವರಿಗೆ ಉಳಿದಿರುವುದು ಇಲ್ಲಿನ ಹಣವೇ. ಕರ್ನಾಟಕದಲ್ಲಿ ಕುಳಿತ ದಾನಿಗಳ ಒಕ್ಕೂಟ ಕನ್ನಡದ ಅರ್ಜಿಯನ್ನು ಓದಲಾರದೆಂದರೆ ನನಗೆ ನಿಜಕ್ಕೂ ನೋವಾಗುತ್ತದೆ. ಅನುವಾದಕರೊಬ್ಬರನ್ನು ಇಟ್ಟುಕೊಳ್ಳುವುದು ಇಷ್ಟೊಂದು ಸದಸ್ಯರಿಗೆ ಭಾರವೇ?

ಇವನ್ನೆಲ್ಲ ಸಭೆಯಲ್ಲಿ ಹೇಳಿದೆ, ಬರೆದೂ ಕೊಟ್ಟೆ: ಎಲ್ಲರಿಗೂ ಒಂದೇ ವರದಿ, ಶೇ 5ರ ತಪ್ಪು ಓದಿಗೆ ಲಿಖಿತ ಸ್ಪಷ್ಟನೆ, ಕನ್ನಡದಲ್ಲಿ ಅರ್ಜಿ. ಕನ್ನಡದ ಅರ್ಜಿಯ ಬಗ್ಗೆ ಕಾರ್ಯದರ್ಶಿಯವರು ಆಸಕ್ತಿಯಿಂದ ಕೇಳಿಸಿಕೊಂಡು, ಸಣ್ಣ ಸಂಘಗಳು ಎಲ್ಲಿ ಸಿಕ್ಕಿಬೀಳುತ್ತವೆ ಎಂಬುದರ ಪಟ್ಟಿ ತಂದುಕೊಡಿ ಎಂದರು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಚಾಮರಾಜನಗರದ ಕಡೆ ಸಂಘ, ಟ್ರಸ್ಟ್ ನಡೆಸುವವರು ಇದನ್ನು ಓದುತ್ತಿದ್ದರೆ, ಅರ್ಜಿಯ ಯಾವ ಪ್ರಶ್ನೆಗೆ ಉತ್ತರಿಸಲಾಗದೆ ಅರ್ಧಕ್ಕೇ ಬಿಟ್ಟಿರಿ ಎಂಬುದನ್ನು ದಾನಿಯ ಹೆಸರು ಹೇಳದೆ, ಕನ್ನಡದಲ್ಲೇ ನನಗೆ ಬರೆದು ಕಳಿಸಿ. ಮುಂದಿನ ತಿಂಗಳ ಸಭೆಗೆ ಎಲ್ಲವನ್ನೂ ಸೇರಿಸಿ ಒಯ್ಯುತ್ತೇನೆ.