ಡ್ರೆಡ್ ಜೆಪ್ಲಿನ್ ಬಗ್ಗೆ ಒಂದಿಷ್ಟು ಸಿಟ್ಟು

ಸಂಗೀತವನ್ನು ನನಗಿಂತ ಚೆನ್ನಾಗಿ ಬಲ್ಲವರೆಂದು ನಾನೇ ಎಲ್ಲರೆದುರು ಹೊಗಳಿರುವ ಗೆಳೆಯರೊಬ್ಬರು ಇಂದು ಡ್ರೆಡ್ ಜೆಪ್ಲಿನ್ ತಂಡದ 'ಅನ್-ಲೆಡ್-ಎಡ್' ಆಲ್ಬಮ್ಮಿನ ಮೊದಲ ಹಾಡನ್ನು ಅರ್ಧ ಕೇಳಿ, ಮನಸಾರೆ ನಕ್ಕು, ತಮಾಷೆ ಸಾಕು, ಇನ್ನು ನಿಜವಾದ ಸಂಗೀತ ಹಾಕಿ ಎಂದರು. ನಾನು ಹಾಕಲಿಲ್ಲ. ಬ್ರಿಟಿಷ್ ರಾಕ್ ತಂಡ ಲೆಡ್ ಜೆಪ್ಲಿನ್ ಮೇಲಿನ ನನ್ನ ಹುಚ್ಚನ್ನು ಇಷ್ಟು ವರ್ಷ ಸಹಿಸಿಕೊಂಡು ಬಂದಿರುವ ನಿಮಗಾದರೂ ನನ್ನ ಸಿಟ್ಟು ಅರ್ಥವಾದೀತು.

ಪರಿಚಯವಿಲ್ಲದವರಿಗೆ ಹೇಳುವುದಾದರೆ, ಇದು 1989ರಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ಮಾಡ್ರೆಯಲ್ಲಿ ಹುಟ್ಟಿದ ತಂಡ. ಆಲ್ಬಮ್ ಬಂದದ್ದು 1990ರಲ್ಲಿ. ಲೆಡ್ ಜೆಪ್ಲಿನ್ನಿನ ಹಾಡುಗಳನ್ನು ಇವರು ಜಮೈಕಾದ ರೆಗ್ಗೇ ಸಂಗೀತದ ಲಯದಲ್ಲಿ ನುಡಿಸುತ್ತಾರೆ. ಹಾಡುವವರು ಟಾರ್ಟೆಲ್ವಿಸ್, ಅಂದರೆ ಲಾಸ್ ವೇಗಸ್ ದಿನಗಳ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿಯ ಬಿಳಿ ಜಂಪ್‌ಸೂಟು ತೊಟ್ಟ ದಢೂತಿ ಮನುಷ್ಯ. ಅವರಿಗೆ ವೇದಿಕೆಯ ಮೇಲೆ ನೀರು, ಟವೆಲ್ಲು ಒದಗಿಸುವುದಕ್ಕೆಂದೇ ಚಾರ್ಲಿ ಹಜ್ ಎಂಬ ಇನ್ನೊಬ್ಬ ಪಾತ್ರಧಾರಿ ಇದ್ದರು. ಇಷ್ಟಕ್ಕೂ ನಗು ಬಾರದವರ ಸಹವಾಸ ನನಗೂ ಬೇಡ. ನನ್ನ ತಕರಾರು ನಗುವಿನ ಮೇಲಲ್ಲ. ನಕ್ಕ ಕೂಡಲೇ ಕೇಳುವ ಹೊಣೆ ಮುಗಿಯಿತೆಂದು ಕಿವಿ ಮುಚ್ಚಿಕೊಳ್ಳುವ ಅಭ್ಯಾಸದ ಮೇಲೆ.

ಕೇಳುವುದಕ್ಕೆ ಅಲ್ಲಿ ಬಹಳವಿದೆ. ಲೆಡ್ ಜೆಪ್ಲಿನ್ನಿನ ತೂಕವೆಲ್ಲ ನಿಂತಿರುವುದು ಅದರ ಡ್ರಮ್ಮರ್ ಜಾನ್ ಬಾನಮ್‌ನ ಗಟ್ಟಿ ಹೊಡೆತಗಳ ಮೇಲೆ. ರೆಗ್ಗೇಯ 'ಒನ್ ಡ್ರಾಪ್' ತಾಳವಾದರೋ ಮೊದಲ ಪೆಟ್ಟನ್ನು ಖಾಲಿ ಬಿಟ್ಟು ಮೂರನೆಯದರ ಮೇಲೆ ಭಾರ ಹಾಕುತ್ತದೆ. ಒಂದು ಹಾಡನ್ನು ಆ ನೆಲೆಯಿಂದ ಕಿತ್ತು ಈ ನೆಲೆಯಲ್ಲಿ ನಿಲ್ಲಿಸಿ, ಅದು ಕುಸಿಯದಂತೆ ನೋಡಿಕೊಳ್ಳುವುದು ವೇಷ ಹಾಕಿಕೊಂಡ ಮಾತ್ರಕ್ಕೆ ಆಗುವ ಕೆಲಸವಲ್ಲ. ಜೆಪ್ಲಿನ್ನಿನ 'ಹಾರ್ಟ್‌ಬ್ರೇಕರ್' ಹಾಡಿನೊಳಗೆ ಎಲ್ವಿಸ್‌ನ 'ಹಾರ್ಟ್‌ಬ್ರೇಕ್ ಹೋಟೆಲ್' ಹಾಡನ್ನು ಹೊಲಿಗೆ ಕಾಣದಂತೆ ಸೇರಿಸಿರುವುದನ್ನು ಕೇಳಿದರೆ, ಎರಡನ್ನೂ ಬಾಯಿಪಾಠವಾಗಿ ಬಲ್ಲವರು ಮಾತ್ರ ಇಂಥ ತಮಾಷೆ ಮಾಡಬಲ್ಲರೆಂದು ತಿಳಿಯುತ್ತದೆ. ಇನ್ನು ಗುಟ್ಟೊಂದನ್ನು ಹೇಳಿಯೇ ಬಿಡುತ್ತೇನೆ, ಬೈಯುವವರು ಬೈಯಲಿ: ಲೆಡ್ ಜೆಪ್ಲಿನ್ನಿನ ಮೂಲ 'ಹೋಲ್ ಲಾಟಾ ಲವ್' ನಡುವೆ ಬರುವ ಆ ನರಳಾಟದ ಭಾಗವನ್ನು ನಾನು ಸದಾ ಮುಂದಕ್ಕೆ ಓಡಿಸುತ್ತೇನೆ.

ಇಂಥ ಆಲ್ಬಮ್ಮುಗಳಿಗೆ ವಿಮರ್ಶಕರು ಸಲ್ಲಿಸುವ ಮರ್ಯಾದೆಯೂ ನಮ್ಮ ಗೆಳೆಯರದಕ್ಕಿಂತ ಹೆಚ್ಚಿನದಲ್ಲ. ವೇಷವನ್ನು ಎರಡು ಪ್ಯಾರಾ ವರ್ಣಿಸಿ, ಸೊಗಸಾಗಿದೆ ಎಂದು ಬೆನ್ನು ತಟ್ಟಿ, ಕೊನೆಗೆ ಇದು ಬೇರೆಯವರ ಹಾಡಲ್ಲವೇ ಎಂದು ಕೈ ತೊಳೆದುಕೊಳ್ಳುತ್ತಾರೆ. ಬೇರೆಯವರ ಹಾಡು! ಲೆಡ್ ಜೆಪ್ಲಿನ್ ಹಾಡಿ ಈ ಆಲ್ಬಮ್ಮಿಗೂ ಬಂದಿರುವ 'ಐ ಕಾಂಟ್ ಕ್ವಿಟ್ ಯೂ ಬೇಬಿ' ಬರೆದವರು ಬ್ಲೂಸ್ ಸಂಗೀತದ ವಿಲ್ಲಿ ಡಿಕ್ಸನ್. ಅದನ್ನು 1956ರಲ್ಲೇ ಓಟಿಸ್ ರಷ್ ಹಾಡಿದ್ದರು. 'ಬ್ರಿಂಗ್ ಇಟ್ ಆನ್ ಹೋಮ್' ಕೂಡ ಡಿಕ್ಸನ್ನರದೇ. 'ಹೋಲ್ ಲಾಟಾ ಲವ್' ವಿಷಯದಲ್ಲಂತೂ ಡಿಕ್ಸನ್ 1985ರಲ್ಲಿ ಲೆಡ್ ಜೆಪ್ಲಿನ್ ಮೇಲೆ ಮೊಕದ್ದಮೆ ಹೂಡಿ, ಅದು ರಾಜಿಯಲ್ಲಿ ಮುಗಿಯಿತು. ಅಂದರೆ ಗಂಭೀರ ಮುಖ ಮಾಡಿಕೊಂಡು ಎರವಲು ತಂದರೆ ಅದು ರಾಕ್ ಸಂಗೀತದ ಇತಿಹಾಸ, ಎರವಲೆಂದು ಹೆಸರಲ್ಲೇ ಸಾರಿಕೊಂಡು ನಗಿಸಿದರೆ ಅದು ಮಿಮಿಕ್ರಿ. ರೆಗ್ಗೇಯನ್ನು ಲೆಡ್ ಜೆಪ್ಲಿನ್ನೇ 1973ರ ಆಲ್ಬಮ್ಮಿನಲ್ಲಿ ಸ್ವಲ್ಪ ತಮಾಷೆಯಾಗಿ ಮುಟ್ಟಿ ನೋಡಿತ್ತೆಂಬುದನ್ನೂ ಈ ಶುದ್ಧಾಚಾರಿಗಳು ಮರೆಯುತ್ತಾರೆ. ಜೆಪ್ಲಿನ್ನಿನ ಗಾಯಕ ರಾಬರ್ಟ್ ಪ್ಲಾಂಟ್ ಈ ತಂಡವನ್ನು ಬಹಿರಂಗವಾಗಿಯೇ ಮೆಚ್ಚಿಕೊಂಡವರು. ಹಾಡಿನ ಯಜಮಾನರಿಗಿಲ್ಲದ ಮುಜುಗರ ಅಭಿಮಾನಿಗಳಿಗೇಕೆ?

ಒಂದೇ ತಮಾಷೆಯನ್ನು ಎಷ್ಟು ಹೊತ್ತು ಕೇಳುವುದು ಎಂಬ ಆಕ್ಷೇಪವೂ ಇದೆ. ಒಂದೇ ಬಗೆಯ ಗಿಟಾರ್ ಸೋಲೋವನ್ನು ಜೀವಮಾನವಿಡೀ ಕೇಳಲು ಸಿದ್ಧರಿರುವವರು ಈ ಮಾತನ್ನು ಆಡದಿದ್ದರೆ ಚೆನ್ನ. ಅಷ್ಟಕ್ಕೂ ತಮಾಷೆಯೊಂದೇ ಬಂಡವಾಳವಾಗಿದ್ದರೆ ಬಂಡವಾಳ ಬದಲಿಸಿ ವ್ಯಾಪಾರ ಮುಂದುವರಿಸಬಹುದಿತ್ತು. 1992ರ ಮೂರನೆಯ ಆಲ್ಬಮ್ಮಿನಲ್ಲಿ ತಂಡ ಮಾಡಿದ್ದು ಅದನ್ನೇ: ರೆಗ್ಗೇ ಬಿಟ್ಟು ಡಿಸ್ಕೋ ಹಾಡುಗಳನ್ನು ಹಿಡಿಯಿತು, ಟಾರ್ಟೆಲ್ವಿಸ್ ಅದರಲ್ಲಿರಲಿಲ್ಲ. ಆ ಪ್ರಯೋಗ ಸೋತಿತು. ವೇಷ, ಕೀಟಲೆ, ಬೇರೆಯವರ ಹಾಡು ಎಲ್ಲವೂ ಇದ್ದವು. ಇಲ್ಲದೆ ಹೋದದ್ದು ಆ ಗಂಭೀರ ಕಂಠ, ಅದಕ್ಕೆ ತಕ್ಕ ಲಯ. ಮುಂದೆ ಟಾರ್ಟೆಲ್ವಿಸ್ ಮರಳಿ ಬಂದರು, ತಂಡ ಜೆಪ್ಲಿನ್ನಿನ ಹಾಡುಗಳಿಗೇ ಮರಳಿತು.